ಆಮಶಂಕೆ: ಒಂದು ಲಕ್ಷಣ, ಹಲವು ಕಾರಣ

ಕನ್ನಡದಲ್ಲಿ ‘ಶಂಕೆ’ ಎಂದರೆ ಅನುಮಾನ. ಬಹಿರ್ದೆಸೆಗೆ ಹೋಗಬೇಕೆನಿಸುವುದೂ ಶಂಕೆಯೇ. ಹಿರಿಯರು ಅದನ್ನು ಲಘುಶಂಕೆ, ದೀರ್ಘಶಂಕೆ ಎಂದು ಬೇರ್ಪಡಿಸಿ ಹೇಳುತ್ತಿದ್ದರು. ಹೊಟ್ಟೆ ನುಲಿದು ರಕ್ತ, ಲೋಳೆ ಬೀಳುವ ಕಾಯಿಲೆಗೆ ‘ಆಮಶಂಕೆ’ ಎಂಬ ಹೆಸರು ನಿಂತಿತು. ಎಷ್ಟು ಸಲ ಹೋಗಿ ಬಂದರೂ ಇನ್ನೂ ಉಳಿದಿದೆ ಎನಿಸುವುದೇ ಅದರ ದೊಡ್ಡ ಕಾಟ.

ಸುಶ್ರುತಸಂಹಿತೆ ಇದನ್ನು ‘ಪ್ರವಾಹಿಕೆ’ ಎಂದಿತು: ತಿಣುಕಿದಷ್ಟೂ ಸ್ವಲ್ಪ ಸ್ವಲ್ಪವೇ ಲೋಳೆ ಬೀಳುವ ರೋಗ. ಗ್ರೀಕರಿಂದ ಬಂದ ‘ಟೆನೆಸ್ಮಸ್’ ಎಂಬ ಮಾತಿನ ಬೇರಿನಲ್ಲೂ ಎಳೆತ, ಬಿಗಿತ ಎಂಬ ಅರ್ಥವೇ ಇದೆ. ಹೆಸರುಗಳು ನರಳಾಟವನ್ನು ಸರಿಯಾಗಿಯೇ ಹಿಡಿದಿದ್ದವು. ಆದರೆ ಒಂದೇ ಹೆಸರಿನಡಿ ಹಲವು ರೋಗಗಳು ಅಡಗಿದ್ದವು.

ಅವು ಬಿಡಿಬಿಡಿಯಾದದ್ದು 19ನೇ ಶತಮಾನದಲ್ಲಿ. 1859ರಲ್ಲಿ ಲಂಡನ್ನಿನ ವೈದ್ಯ ಸ್ಯಾಮ್ಯುಯೆಲ್ ವಿಲ್ಕ್ಸ್, ಸಾಮಾನ್ಯ ಆಮಶಂಕೆಗಿಂತ ಬೇರೆಯಾದ ದೊಡ್ಡ ಕರುಳಿನ ಉರಿಯೂತವೊಂದನ್ನು ವಿವರಿಸಿದ. 1875ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಫ್ಯೊದೊರ್ ಲ್ಯೋಶ್, ರೋಗಿಯೊಬ್ಬನ ಮಲದಲ್ಲಿ ಅಮೀಬಾ ಕಂಡದ್ದನ್ನು ವರದಿ ಮಾಡಿದ. 1897ರಲ್ಲಿ ಜಪಾನಿನಲ್ಲಿ ಸುಮಾರು 90,000 ಜನರಿಗೆ ಆಮಶಂಕೆ ತಗಲಿ, ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು. ಆ ವರ್ಷವೇ 26ರ ಹರೆಯದ ಕಿಯೋಶಿ ಶಿಗಾ ಅದರ ಬ್ಯಾಕ್ಟೀರಿಯಾವನ್ನು ಪತ್ತೆ ಮಾಡಿದ. ಅವನ ಹೆಸರಿನಿಂದಲೇ ಅದು ‘ಶಿಗೆಲ್ಲಾ’ ಆಯಿತು.

ಈ ಬೇರ್ಪಡಿಕೆ ಬರೀ ಪಂಡಿತರ ಕಸುಬಾಗಿರಲಿಲ್ಲ. 1912ರಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಎಮೆಟಿನ್ ಚುಚ್ಚುಮದ್ದಿನಿಂದ ಅಮೀಬಾದ ರೋಗಿಗಳನ್ನು ಉಳಿಸಿದ. ಅದೇ ಮದ್ದು ಶಿಗೆಲ್ಲಾ ತಗಲಿದವನಿಗೆ ನಾಟುತ್ತಿರಲಿಲ್ಲ. ಕಾರಣ ತಪ್ಪಿದರೆ ಪ್ರಾಣವೇ ತಪ್ಪುತ್ತಿತ್ತು.

ಈ ಎಲ್ಲ ಕಾರಣಗಳೂ ಒಂದೇ ಬಗೆಯಲ್ಲಿ ಕಾಡುವುದೇಕೆ? ಗುದನಾಳದ ಒಳಪೊರೆ ಊದಿಕೊಂಡರೆ, ಖಾಲಿಯಿದ್ದರೂ ಅಲ್ಲಿನ ನರಗಳು ‘ತುಂಬಿದೆ’ ಎಂದೇ ಮಿದುಳಿಗೆ ಸುದ್ದಿ ಕಳಿಸುತ್ತವೆ. ಸೋಂಕು, ಕರುಳಿನ ಹುಣ್ಣು, ವಿಕಿರಣ ಚಿಕಿತ್ಸೆ ಇವೆಲ್ಲ ಹೀಗೆ ಮಾಡಬಲ್ಲವು. ಗುದನಾಳದಲ್ಲಿ ಬೆಳೆದ ಗಡ್ಡೆಯೂ ಅದೇ ಸುಳ್ಳನ್ನು ಹೇಳಿಸುತ್ತದೆ. ಮೂಲವ್ಯಾಧಿಯಿರಬೇಕೆಂದು ನಾಚಿಕೆಯಿಂದ ಮುಚ್ಚಿಟ್ಟ ಎಷ್ಟೋ ಕ್ಯಾನ್ಸರುಗಳು ತಡವಾಗಿ ಹೊರಬೀಳುವುದು ಹೀಗೆಯೇ. ವಾರಗಟ್ಟಲೆ ಬಿಡದ ಶಂಕೆಯನ್ನು, ಅದರಲ್ಲೂ ರಕ್ತ ಕಂಡರೆ, ವೈದ್ಯರ ಮುಂದೆ ಬಾಯಿಬಿಟ್ಟು ಹೇಳಬೇಕು. ಶಂಕೆಗೆ ಪರಿಹಾರ ಪರೀಕ್ಷೆಯೇ.