ಗ್ರೀನ್ ಕಾರ್ಡ್ ಸಿಕ್ಕರೆ 65 ದಾಟಿದ ಅಪ್ಪ–ಅಮ್ಮನಿಗೆ ಅಮೆರಿಕದಲ್ಲಿ ಚಿಕಿತ್ಸೆ ಉಚಿತವೇ?

ಸಾರಾಂಶ

ಮಕ್ಕಳು ಅಮೆರಿಕದ ಪೌರರಾಗಿದ್ದರೆ ಅಪ್ಪ–ಅಮ್ಮನಿಗೆ ಗ್ರೀನ್ ಕಾರ್ಡ್ ಮಾಡಿಸಬಹುದು. ಆಮೇಲೆ 65 ದಾಟಿದವರ ಆಸ್ಪತ್ರೆ ಖರ್ಚನ್ನೆಲ್ಲ ಅಲ್ಲಿನ ಸರ್ಕಾರವೇ ನೋಡಿಕೊಳ್ಳುತ್ತದೆ ಎಂಬ ಮಾತು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಕಾಣುತ್ತದೆ. ನಾವು ನಿಯಮಗಳನ್ನು ನೋಡಿದಾಗ ಇದು ಬಹುಮಟ್ಟಿಗೆ ತಪ್ಪು ಎಂದು ತಿಳಿಯಿತು. ಅಮೆರಿಕದಲ್ಲಿ ಎಂದೂ ಕೆಲಸ ಮಾಡದ ಹಿರಿಯರಿಗೆ ಮೊದಲ 5 ವರ್ಷ ಮೆಡಿಕೇರ್ ಸಿಗುವುದಿಲ್ಲ. ಆಮೇಲೆ ಸಿಕ್ಕರೂ ಅದು ಉಚಿತವಲ್ಲ. ಆ 5 ವರ್ಷಕ್ಕೆ ಯಾವ ವಿಮೆ ಮಾಡಿಸಬೇಕು ಎಂಬುದನ್ನು ವಿಮಾನ ಹತ್ತುವ ಮೊದಲೇ ನಿರ್ಧರಿಸಬೇಕು.

ಹೇಳಿಕೆ 1: ಗ್ರೀನ್ ಕಾರ್ಡ್ ಇದ್ದರೆ ಮೆಡಿಕೇರ್ ಉಚಿತ

ಮೆಡಿಕೇರ್ ಎಂದರೆ ಅಮೆರಿಕ ಸರ್ಕಾರ ಮುಖ್ಯವಾಗಿ 65 ದಾಟಿದವರಿಗಾಗಿ ನಡೆಸುವ ಆರೋಗ್ಯ ವಿಮೆ. ಇದರ ಪಾರ್ಟ್ ಎ ಆಸ್ಪತ್ರೆಗೆ ದಾಖಲಾದಾಗಿನ ಖರ್ಚಿಗೆ, ಪಾರ್ಟ್ ಬಿ ವೈದ್ಯರ ಭೇಟಿ ಮತ್ತು ಹೊರರೋಗಿ ಚಿಕಿತ್ಸೆಗೆ. ಪಾರ್ಟ್ ಎ ಪ್ರೀಮಿಯಂ ಇಲ್ಲದೆ ಸಿಗಬೇಕಾದರೆ ನೀವು ಅಥವಾ ನಿಮ್ಮ ಪತಿ/ಪತ್ನಿ ಅಮೆರಿಕದಲ್ಲಿ ಸುಮಾರು 10 ವರ್ಷ ದುಡಿದು ತೆರಿಗೆ ಕಟ್ಟಿರಬೇಕು. ಮಗ ಅಥವಾ ಮಗಳು 20 ವರ್ಷ ತೆರಿಗೆ ಕಟ್ಟಿದ್ದರೂ ಅದು ಅಪ್ಪ–ಅಮ್ಮನ ಲೆಕ್ಕಕ್ಕೆ ಬರುವುದಿಲ್ಲ.

ಹಾಗೆ ದುಡಿಯದವರು ಹಣ ಕೊಟ್ಟು ಮೆಡಿಕೇರ್ ಸೇರಬಹುದು. ಅದಕ್ಕೆ ಗ್ರೀನ್ ಕಾರ್ಡ್ ಜೊತೆಗೆ, ಅರ್ಜಿಗೆ ಮುಂಚಿನ 5 ವರ್ಷ ಎಡೆಬಿಡದೆ ಅಮೆರಿಕದಲ್ಲಿ ವಾಸವಿರಬೇಕು. ನಡುವೆ ದೀರ್ಘಕಾಲ ಊರಿಗೆ ಬಂದು ಉಳಿದರೆ ಈ ಲೆಕ್ಕ ಕೆಡಬಹುದು. 2025ರ ದರದಂತೆ ಪಾರ್ಟ್ ಎ ತಿಂಗಳಿಗೆ 518 ಡಾಲರ್, ಪಾರ್ಟ್ ಬಿ 185 ಡಾಲರ್. ಒಬ್ಬರಿಗೆ ತಿಂಗಳಿಗೆ 703 ಡಾಲರ್ ಆಯಿತು, ಇಬ್ಬರಿದ್ದರೆ 1,406. ದರ ಪ್ರತಿವರ್ಷ ಬದಲಾಗುತ್ತದೆ.

ಇನ್ನೊಂದು ಎಚ್ಚರಿಕೆ. ಅರ್ಹತೆ ಬಂದಾಗ ಸೇರಲು 7 ತಿಂಗಳ ಕಾಲಾವಕಾಶ ಇರುತ್ತದೆ. ಅದನ್ನು ತಪ್ಪಿಸಿಕೊಂಡರೆ, ತಡವಾದ ಪ್ರತಿ ಪೂರ್ಣ ವರ್ಷಕ್ಕೆ ಪಾರ್ಟ್ ಬಿ ಪ್ರೀಮಿಯಂ ಶೇ 10ರಷ್ಟು ಏರುತ್ತದೆ. ಈ ದಂಡವನ್ನು ಸಾಮಾನ್ಯವಾಗಿ ಮೆಡಿಕೇರ್ ಇರುವವರೆಗೂ ಕಟ್ಟಬೇಕು.

ಹೇಳಿಕೆ 2: ಮಗನ ಕಂಪನಿ ವಿಮೆಯಲ್ಲಿ ಅಪ್ಪ–ಅಮ್ಮನನ್ನೂ ಸೇರಿಸಬಹುದು

ಬೆಂಗಳೂರಿನ ಅನೇಕ ಐಟಿ ಕಂಪನಿಗಳ ಗ್ರೂಪ್ ಪಾಲಿಸಿಯಲ್ಲಿ ತಂದೆ–ತಾಯಿಯನ್ನು ಸೇರಿಸಲು ಅವಕಾಶವಿದೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಕಂಪನಿ ವಿಮೆ ಸಾಮಾನ್ಯವಾಗಿ ಉದ್ಯೋಗಿ, ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗಷ್ಟೇ. ಮಗ ಕಂಪನಿಯ ಎಚ್‌ಆರ್‌ ವಿಭಾಗವನ್ನು ಒಮ್ಮೆ ಕೇಳಿ ನೋಡಲಿ, ಆದರೆ ಅದನ್ನೇ ನಂಬಿ ಟಿಕೆಟ್ ಬುಕ್ ಮಾಡಬೇಡಿ.

ಹೇಳಿಕೆ 3: ಬಿಪಿ, ಶುಗರ್ ಇರುವ ಹಿರಿಯರಿಗೆ ಅಲ್ಲಿ ಯಾರೂ ವಿಮೆ ಕೊಡುವುದಿಲ್ಲ

ಇದೂ ತಪ್ಪು. ಗ್ರೀನ್ ಕಾರ್ಡ್ ಇರುವವರು ‘ಒಬಾಮಾಕೇರ್’ ಎಂದು ಕರೆಯುವ ಕಾನೂನಿನಡಿ ನಡೆಯುವ ಮಾರ್ಕೆಟ್‌ಪ್ಲೇಸ್‌ನಲ್ಲಿ ವಿಮೆ ಕೊಳ್ಳಬಹುದು. 65 ದಾಟಿದ್ದರೂ, ಮೆಡಿಕೇರ್ ಇಲ್ಲದಿದ್ದರೆ, ಅಡ್ಡಿಯಿಲ್ಲ. ಇಲ್ಲಿ ಹಳೆಯ ಕಾಯಿಲೆ ಇದೆ ಎಂದು ವಿಮೆ ನಿರಾಕರಿಸುವಂತಿಲ್ಲ, ಅದಕ್ಕಾಗಿ ಹೆಚ್ಚು ಪ್ರೀಮಿಯಂ ಕೇಳುವಂತಿಲ್ಲ, ಕಾಯುವ ಅವಧಿಯೂ ಇಲ್ಲ. ವಯಸ್ಸಿನ ಮೇಲೆ ದರ ಏರಿಸಬಹುದು, ಆದರೆ ಯುವಕರ ದರದ 3 ಪಟ್ಟು ಮೀರುವಂತಿಲ್ಲ. ಮೊದಲ 5 ವರ್ಷಕ್ಕೆ ಹೆಚ್ಚಿನವರಿಗೆ ಇದೇ ಸರಿಯಾದ ದಾರಿ.

ಎರಡು ವಿಷಯ ನೆನಪಿಡಿ:

• ಅಮೆರಿಕಕ್ಕೆ ವಾಸಕ್ಕೆ ಬಂದ 60 ದಿನದೊಳಗೆ ಅರ್ಜಿ ಹಾಕಬೇಕು. ತಪ್ಪಿದರೆ ನವೆಂಬರ್ 1ಕ್ಕೆ ತೆರೆಯುವ ವಾರ್ಷಿಕ ನೋಂದಣಿಗೆ ಕಾಯಬೇಕು.

• ಪ್ರೀಮಿಯಂನಲ್ಲಿ ಸರ್ಕಾರದ ರಿಯಾಯಿತಿ ಆದಾಯದ ಮೇಲೆ ನಿಂತಿದೆ. ಮಗ ತನ್ನ ತೆರಿಗೆ ಲೆಕ್ಕದಲ್ಲಿ ಅಪ್ಪ–ಅಮ್ಮನನ್ನು ಅವಲಂಬಿತರೆಂದು ತೋರಿಸಿದರೆ ಅವನ ಆದಾಯವೇ ಲೆಕ್ಕಕ್ಕೆ ಬರುತ್ತದೆ. ತೋರಿಸದೆ, ಅವರ ಸ್ವಂತ ಆದಾಯ ಅಲ್ಲಿನ ಬಡತನ ರೇಖೆಗಿಂತ ಕಡಿಮೆ ಇದ್ದರೆ, ವಲಸಿಗರಿಗೆ ಮೊದಲು ಸಿಗುತ್ತಿದ್ದ ರಿಯಾಯಿತಿ 2026ರಿಂದ ನಿಂತಿದೆ. ‘ಆದಾಯ ಸೊನ್ನೆ ಎಂದು ಬರೆಯಿರಿ, ವಿಮೆ ಪುಕ್ಕಟೆ’ ಎಂಬ ಹಳೆಯ ಸಲಹೆಯನ್ನು ಈಗ ನಂಬಬೇಡಿ. ಬಡವರ ಯೋಜನೆಯಾದ ಮೆಡಿಕೇಡ್‌ಗೂ ಹೆಚ್ಚಿನ ಗ್ರೀನ್ ಕಾರ್ಡ್‌ದಾರರು ಸಾಮಾನ್ಯವಾಗಿ 5 ವರ್ಷ ಕಾಯಬೇಕು.

ಹೇಳಿಕೆ 4: ವಿಸಿಟರ್ ಪಾಲಿಸಿ ಇದ್ದರೆ ಸಾಕು, ಹಳೆಯ ಕಾಯಿಲೆಗೂ ಬರುತ್ತದೆ

ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಮಾರ್ಕೆಟ್‌ಪ್ಲೇಸ್ ಇಲ್ಲ, ವಿಸಿಟರ್ ಪಾಲಿಸಿಯೇ ಗತಿ. ಇದರಲ್ಲಿ ಎರಡು ಬಗೆ. ಒಂದು, ಪ್ರತಿ ಚಿಕಿತ್ಸೆಗೂ ಇಂತಿಷ್ಟೇ ಎಂದು ನಿಗದಿ ಮಾಡಿ ಕೊಡುವ ‘ಫಿಕ್ಸೆಡ್ ಬೆನಿಫಿಟ್’. ಇನ್ನೊಂದು, ಬಿಲ್ಲಿನ ಶೇಕಡಾವಾರು ಕೊಡುವ ‘ಕಾಂಪ್ರಹೆನ್ಸಿವ್’. ಮೊದಲನೆಯದು ಅಗ್ಗ ಎಂದು ಅನೇಕರು ಅದನ್ನೇ ಕೊಳ್ಳುತ್ತಾರೆ. ವ್ಯತ್ಯಾಸ ತಿಳಿಯಲು ಒಂದು ಕಾಲ್ಪನಿಕ ಲೆಕ್ಕ ನೋಡೋಣ.

4 ದಿನ ಆಸ್ಪತ್ರೆಯಲ್ಲಿದ್ದು 60,000 ಡಾಲರ್ ಬಿಲ್ ಬಂತು ಎನ್ನಿ. ಫಿಕ್ಸೆಡ್ ಪಾಲಿಸಿ ದಿನಕ್ಕೆ 2,000ದಂತೆ 8,000 ಕೊಟ್ಟರೆ, ಉಳಿದ 52,000 ಮನೆಯವರ ತಲೆ ಮೇಲೆ. ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಮೊದಲ 500 ನೀವು ಕಟ್ಟಬೇಕು (ಇದೇ ಡಿಡಕ್ಟಿಬಲ್), ನಂತರದ 5,000ದಲ್ಲಿ ಶೇ 20 ನಿಮ್ಮದು, ಆಮೇಲಿನದೆಲ್ಲ ಕಂಪನಿಯದು ಎಂದಿದ್ದರೆ ನಿಮ್ಮ ಪಾಲು 1,500 ಮಾತ್ರ.

ಹಳೆಯ ಕಾಯಿಲೆಯ ಮಾತಿಗೆ ಬಂದರೆ, ಬ್ರೋಷರ್‌ನಲ್ಲಿ ‘ಅಕ್ಯೂಟ್ ಆನ್‌ಸೆಟ್’ ಎಂಬ ಪದ ಹುಡುಕಿ. ಮೊದಲೇ ಇರುವ ಕಾಯಿಲೆ ಯಾವ ಸೂಚನೆಯೂ ಇಲ್ಲದೆ ದಿಢೀರ್ ಉಲ್ಬಣಿಸಿ, ಸಾಮಾನ್ಯವಾಗಿ 24 ಗಂಟೆಯೊಳಗೆ ಚಿಕಿತ್ಸೆ ಪಡೆದರೆ ಮಾತ್ರ ಹಣ ಎಂದು ಇದರ ಅರ್ಥ. ದಿನದ ಶುಗರ್ ಮಾತ್ರೆ, ಡಯಾಲಿಸಿಸ್, ನಿಧಾನವಾಗಿ ಹೆಚ್ಚಾದ ತೊಂದರೆ ಇದರಲ್ಲಿ ಬರುವುದಿಲ್ಲ. ಈ ಸೌಲಭ್ಯಕ್ಕೆ ವಯಸ್ಸಿನ ಮಿತಿಯೂ ಇರುತ್ತದೆ. 70 ಅಥವಾ 80 ದಾಟಿದವರಿಗೆ ಮೊತ್ತ ತೀರ ಕಡಿಮೆಯಾಗಬಹುದು ಅಥವಾ ಸಿಗದೇ ಹೋಗಬಹುದು. ಕಾಯಿಲೆಯನ್ನು ಮುಚ್ಚಿಟ್ಟರೂ ಉಪಯೋಗವಿಲ್ಲ. ಕ್ಲೇಮ್ ಬಂದಾಗ ಕಂಪನಿ ಊರಿನ ಡಾಕ್ಟರ ಹಳೆಯ ದಾಖಲೆಗಳನ್ನು ಕೇಳಬಹುದು.

ಹೇಳಿಕೆ 5: ತುರ್ತು ಚಿಕಿತ್ಸೆ ಹೇಗೂ ಉಚಿತ

ಇದರಲ್ಲಿ ಅರ್ಧ ಮಾತ್ರ ನಿಜ. ಅಮೆರಿಕದ 1986ರ ಕಾನೂನಿನಂತೆ, ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಗಳ ತುರ್ತು ವಿಭಾಗ, ಅಂದರೆ ಬಹುತೇಕ ಎಲ್ಲ ಆಸ್ಪತ್ರೆಗಳು, ವಿಮೆ ಇದೆಯೇ ಎಂದು ನೋಡದೆ ರೋಗಿಯನ್ನು ಪರೀಕ್ಷಿಸಿ ಸ್ಥಿರಗೊಳಿಸಬೇಕು. ಆದ್ದರಿಂದ ಎದೆನೋವು ಬಂದಾಗ ಖರ್ಚಿಗೆ ಹೆದರಿ ಮನೆಯಲ್ಲಿ ಕೂರಬೇಡಿ, ತಕ್ಷಣ 911ಕ್ಕೆ ಕರೆ ಮಾಡಿ. ಆದರೆ ಬಿಲ್ ಖಂಡಿತ ಬರುತ್ತದೆ. ವಿಮೆ ಇಲ್ಲದವರು ಆಸ್ಪತ್ರೆಯ ‘ಫೈನಾನ್ಷಿಯಲ್ ಅಸಿಸ್ಟೆನ್ಸ್’ ವಿಭಾಗವನ್ನು ಕೇಳಬಹುದು. ಲಾಭರಹಿತ ಆಸ್ಪತ್ರೆಗಳಲ್ಲಿ ಇಂಥ ನೆರವಿನ ಲಿಖಿತ ನೀತಿ ಇರಲೇಬೇಕು.

ಊರಿನ ಪಾಲಿಸಿ ನಿಲ್ಲಿಸಬೇಕೇ?

ಹೇಗೂ ಅಮೆರಿಕಕ್ಕೆ ಹೋಗುತ್ತೇವೆ ಎಂದು ಅನೇಕರು ಭಾರತದ ಪಾಲಿಸಿ ಬಿಟ್ಟುಬಿಡುತ್ತಾರೆ. ಇದು ದುಬಾರಿ ನಿರ್ಧಾರವಾಗಬಹುದು. ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಮದುವೆಗೆಂದು ಊರಿಗೆ ಬಂದು ಇಲ್ಲಿ ಆಸ್ಪತ್ರೆ ಸೇರಿದರೆ ಕೈಯಿಂದಲೇ ಕಟ್ಟಬೇಕು. ಪಾಲಿಸಿ ನಿಂತು ಹೋದರೆ, ಇಷ್ಟು ವರ್ಷ ಕಳೆದ ಕಾಯುವ ಅವಧಿಯ ಲಾಭವೂ ಹೋಗುತ್ತದೆ. ಐಆರ್‌ಡಿಎಐ 2024ರ ಏಪ್ರಿಲ್‌ನಿಂದ ಹೊಸ ಪಾಲಿಸಿಗೆ ಇದ್ದ 65 ವರ್ಷದ ಮಿತಿಯನ್ನು ತೆಗೆದಿದೆ ನಿಜ. ಆದರೆ ಹೊಸ ಪಾಲಿಸಿಯಲ್ಲಿ ಹಳೆಯ ಕಾಯಿಲೆಗೆ 36 ತಿಂಗಳವರೆಗೆ ಕಾಯಬೇಕಾಗಬಹುದು.

70 ದಾಟಿದವರಿಗೆ 2024ರ ಅಕ್ಟೋಬರ್‌ನಲ್ಲಿ ಆರಂಭವಾದ ಆಯುಷ್ಮಾನ್ ವಯ ವಂದನಾ ಕಾರ್ಡ್ ಭಾರತದ ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ನಡೆಯುತ್ತದೆ. ಅಮೆರಿಕದಲ್ಲಿ ಅದಕ್ಕೆ ಬೆಲೆಯಿಲ್ಲ.

ಗ್ರೂಪ್‌ಗೆ ಕಳಿಸುವುದಾದರೆ ಇಷ್ಟು ಕಳಿಸಿ

• ಮೊದಲು ವೀಸಾ ಯಾವುದು ನೋಡಿ, ಆಮೇಲೆ ವಿಮೆ ಆರಿಸಿ.
• ಗ್ರೀನ್ ಕಾರ್ಡ್ ಇದ್ದರೆ: 60 ದಿನದೊಳಗೆ ಮಾರ್ಕೆಟ್‌ಪ್ಲೇಸ್, 5 ವರ್ಷದ ನಂತರ ಮೆಡಿಕೇರ್.
• ಪ್ರವಾಸಿ ವೀಸಾ ಇದ್ದರೆ: ಕಾಂಪ್ರಹೆನ್ಸಿವ್ ಪಾಲಿಸಿ, ‘ಅಕ್ಯೂಟ್ ಆನ್‌ಸೆಟ್’ ಮೊತ್ತ, ವಯೋಮಿತಿ ಓದಿ.
• ಪಾಲಿಸಿ ಯಾವುದೇ ಇರಲಿ, ಮನೆ ಹತ್ತಿರದ ಆಸ್ಪತ್ರೆ ಅದರ ನೆಟ್‌ವರ್ಕ್‌ನಲ್ಲಿದೆಯೇ ಎಂದು ಮೊದಲೇ ಕೇಳಿ.
• ಊರಿನ ಪಾಲಿಸಿ ನವೀಕರಿಸುತ್ತಿರಿ.