ನೆಲದಾಗಿಂದ ಹೊಗಿ ಏಳತಿದ್ದ ಊರು

ಅಕ್ಕೋರ, ವೈನಿಯರ, ಹೊಲದ ದಾರಿಯೊಳಗ ದೂರದಾಗ ಹೊಗಿ ಕಂಡ್ರ ಸಾಕು, ಅಲ್ಲೆ ಊರೈತಿ, ಒಲಿ ಹತ್ತೇತಿ ಅಂತ ಜೀವಕ್ಕ ಸಮಾಧಾನ ಆಗತೈತಿ. ಆದ್ರ ಹೊಗಿ ಐತಿ, ಮನೀನ ಕಾಣವಲ್ದು ಅಂದ್ರ?

1878ರಾಗ ವಿಲಿಯಾನಾ ಹಿಕ್ಮನ್ ಅನ್ನೋ ಹೆಣ್ಣುಮಗಳಿಗೆ ಹಂಗ ಆತು. ಆಕಿ ಗಂಡನ ಜೋಡಿ ಅಮೆರಿಕಾದ ಕೆಂಟಕಿ ಬಿಟ್ಟು ಕಾನ್ಸಸ್‌ನ ಹುಲ್ಲುಬಯಲಿಗೆ ಬಂದಿದ್ಲು. ಎಲಿಸ್ ಊರಿನ ತನಕ ರೈಲು, ಮುಂದ ಎರಡು ದಿನ ಬಂಡಿ. ಊರೆಲ್ಲೈತಿ ಅಂತ ಕೇಳಿದ್ರ, ಗಂಡಸರು ನೆಲದಾಗಿಂದ ಏಳೋ ಹೊಗಿ ತೋರಿಸಿದ್ರಂತ. ಜನ ನೆಲಾ ತೋಡಿ ಅದರೊಳಗ ಬಾಳೇವು ಮಾಡತಿದ್ರು. ಆಕಿ ಅತ್ತುಬಿಟ್ಲು.

ಆ ಊರಿನ ಹೆಸರು ನಿಕೋಡೆಮಸ್. 1865ರಾಗ ಗುಲಾಮಗಿರಿಯಿಂದ ಬಿಡುಗಡಿ ಆದ ಕಪ್ಪು ಜನ ತಮ್ಮದೂ ಒಂದು ತುಂಡು ಹೊಲ ಇರಲಿ ಅಂತ ಕಟ್ಟಿದ ಊರದು. 1862ರ ಕಾಯ್ದೆ ಪ್ರಕಾರ ಐದು ವರ್ಷ ಅಲ್ಲೇ ಇದ್ದು ದುಡಿದ್ರ 160 ಎಕರೆ ಸ್ವಂತ ಆಗತಿತ್ತು. ಮೊದಲಿನ ಸುಮಾರು 300 ಮಂದಿ ಬಂದದ್ದು 1877ರ ಸೆಪ್ಟೆಂಬರ್‌ದಾಗ. ಬಿತ್ತೋ ಹಂಗಾಮು ಮುಗಿದಿತ್ತು, ಚಳಿ ಬಾಗಿಲಕ್ಕ ಬಂದಿತ್ತು. ಮನಿ ಕಟ್ಟಾಕ ಗಿಡಾ ಇಲ್ಲ, ಒಲಿಗೆ ಕಟಗಿ ಇಲ್ಲ. ನಮ್ಮ ಕುಳ್ಳಿನಂಗ ಅವರೂ ಒಣಗಿದ ಸಗಣಿ ಆರಿಸಿ ತಂದು ಉರಿ ಹಾಕಿದ್ರು. ಎಮ್ಮಾ ವಿಲಿಯಮ್ಸ್ ಅನ್ನಾಕಿ ಬಸುರಿದ್ದಾಗ ಬಂದು, ಅದೇ ವರ್ಷ ಊರಿನ ಮೊದಲನೇ ಕೂಸು ಹೆನ್ರಿನ್ನ ಹಡದ್ಲು. ಬೇಟೆ ಮುಗಿಸಿ ಹೊಂಟಿದ್ದ ಓಸೇಜ್ ಮೂಲನಿವಾಸಿಗಳು ತಮ್ಮ ಪಾಲಿನ ಮಾಂಸ ಕೊಟ್ಟದ್ದಕ್ಕ ಆ ಚಳಿಗಾಲ ಕಳೀತು ಅಂತ ಊರಿನವರು ಇವತ್ತಿಗೂ ನೆನಸತಾರ. ಒಂದಿಷ್ಟು ಮನಿಯವರು ಹೊಳ್ಳಿ ಹೋದ್ರು. ಅತ್ತ ವಿಲಿಯಾನಾ ಹೋಗಲಿಲ್ಲ.

ಹತ್ತು ವರ್ಷದಾಗ ಅಂಗಡಿ, ಸಾಲಿ, ಚರ್ಚು, ಹೋಟೆಲ್ ಎಲ್ಲಾ ಬಂದ್ವು. ರೈಲು ಬರತೈತಿ ಅಂತ ಆಸೆಯಿಂದ ಕಾದ್ರು. 1888ರಾಗ ಹಳಿ ಬಿತ್ತು ಖರೆ, ಹೊಳಿ ಆಚೆ ಬಿತ್ತು! ಅಂಗಡಿಯವರು ಗಂಟುಮೂಟೆ ಕಟ್ಟಿ ಹಳಿ ಬಾಜು ಬೋಗ್ ಅನ್ನೋ ಊರಿಗೆ ಹೋದ್ರು. ಮುಂದ 1930ರ ದಶಕದ ಬರ, ಧೂಳಿನ ಬಿರುಗಾಳಿ ಉಳಿದವರನ್ನೂ ಚದುರಿಸಿದ್ವು.

ಈಗ ಅಲ್ಲೆ ಬೆರಳೆಣಿಕೆಯಷ್ಟು ಮಂದಿ ಅದಾರ. 1996ರಾಗ ಸರ್ಕಾರ ಅದನ್ನ ರಾಷ್ಟ್ರೀಯ ಐತಿಹಾಸಿಕ ತಾಣ ಮಾಡೇತಿ. ಆದ್ರ ಊರು ಉಳಿದದ್ದು ಬೋರ್ಡಿನಿಂದಲ್ರೀ. ಪ್ರತಿ ವರ್ಷ ಜುಲೈ ಕೊನಿಗೆ, ನಾವು ಪಂಚಮಿಗೆ ತವರಿಗೆ ಹೋಗೋ ಸುಮಾರಿಗೆ, ಎಲ್ಲೆಲ್ಲೋ ಇರೋ ಮಕ್ಕಳು ಮೊಮ್ಮಕ್ಕಳು ಅಲ್ಲಿಗೆ ಬರತಾರ, ಕೂಡಿ ಉಣತಾರ. ರೈಲು ಬರದಿದ್ರೂ ನಡೀತೈತಿ, ಮಂದಿ ಬರೂದು ನಿಂತ್ರ ಮಾತ್ರ ಊರು ಸಾಯತೈತಿ. ಈ ಸಲ ಪಂಚಮಿಗೆ ನೀವೂ ತಪ್ಪದ ತವರಿಗೆ ಹೋಗಿ ಬರ್ರಿ.