ಸರದಿಯ ಪುಸ್ತಕ

ನಾನು ನೋಡಿಕೊಳ್ಳುವ ಸೂಕ್ಷ್ಮದರ್ಶಕ ಕೇಂದ್ರದ ಬಾಗಿಲ ಬಳಿ ಒಂದು ಉದ್ದನೆಯ ರಿಜಿಸ್ಟರ್ ಇದೆ. ಬುಕಿಂಗ್ ಎಲ್ಲ ಕಂಪ್ಯೂಟರಿಗೆ ಹೋದ ಮೇಲೂ ಅದನ್ನು ತೆಗೆದಿಲ್ಲ. ಇಡೀ ವಿಶ್ವವಿದ್ಯಾಲಯಕ್ಕೆ ಇರುವುದು ಒಂದೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ. ಹಾಗಾಗಿ ನನ್ನ ಕೆಲಸದಲ್ಲಿ ವಿಜ್ಞಾನಕ್ಕಿಂತ ಸರದಿಯ ನ್ಯಾಯವೇ ಹೆಚ್ಚು.

ಉಪಕರಣ ಹಂಚಿಕೊಳ್ಳುವುದು ವಿಜ್ಞಾನಿಗಳಿಗೆ ಹುಟ್ಟುಗುಣವೇನಲ್ಲ. ಡೆಲ್ಫ್ಟ್ ಪಟ್ಟಣದ ಬಟ್ಟೆ ವ್ಯಾಪಾರಿ ಲೇವೆನ್‌ಹುಕ್ 1670ರ ದಶಕದಲ್ಲಿ ತಾನೇ ಮಾಡಿದ ಪುಟ್ಟ ಮಸೂರದಲ್ಲಿ ಬ್ಯಾಕ್ಟೀರಿಯಾಗಳನ್ನು ಕಂಡ. ಕಂಡದ್ದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸಿದ. ಒಳ್ಳೆಯ ಮಸೂರಗಳನ್ನು ಮಾತ್ರ ತನ್ನಲ್ಲೇ ಇಟ್ಟುಕೊಂಡ. 1723ರಲ್ಲಿ ಆತ ತೀರಿಕೊಂಡ ಮೇಲೆ 26 ಸೂಕ್ಷ್ಮದರ್ಶಕಗಳು ಸೊಸೈಟಿಗೆ ಸೇರಿದವು. ಮಾಡುವ ಗುಟ್ಟು ಅವನೊಂದಿಗೇ ಹೋಯಿತು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಕಥೆ ಬೇರೆ. 1931ರಲ್ಲಿ ಬರ್ಲಿನ್ನಿನಲ್ಲಿ ಮ್ಯಾಕ್ಸ್ ನೋಲ್ ಮತ್ತು ಅರ್ನ್ಸ್ಟ್ ರುಸ್ಕಾ ಅದನ್ನು ಮೊದಲು ಕಟ್ಟಿದಾಗ, ಇದರಲ್ಲಿಟ್ಟ ಜೀವಕೋಶ ಸುಟ್ಟು ಕರಕಲಾಗುತ್ತದೆ, ಏನು ಪ್ರಯೋಜನ ಎಂದವರೇ ಹೆಚ್ಚು. ಎಂಜಿನಿಯರುಗಳ ಬಳಿ ಯಂತ್ರವಿತ್ತು. ಅದರಲ್ಲಿ ಏನು ನೋಡಬೇಕೆಂದು ಬಲ್ಲವರು ಬೇರೆಯವರಾಗಿದ್ದರು. ರುಸ್ಕಾನ ತಮ್ಮ ಹೆಲ್ಮುಟ್ ವೈದ್ಯ. 1940ರಲ್ಲಿ ಸೀಮೆನ್ಸ್ ಕಂಪನಿ ಅವನ ಮೇಲ್ವಿಚಾರಣೆಯಲ್ಲಿ ಅತಿಥಿ ಸಂಶೋಧಕರಿಗೆಂದೇ ನಾಲ್ಕು ಸೂಕ್ಷ್ಮದರ್ಶಕಗಳ ಪ್ರಯೋಗಾಲಯ ತೆರೆಯಿತು. ಬ್ಯಾಕ್ಟೀರಿಯಾವನ್ನು ಕೊಲ್ಲುವ ಫೇಜ್ ವೈರಸ್ಸಿನ ಚಿತ್ರಗಳನ್ನು ಹೆಲ್ಮುಟ್ ಪ್ರಕಟಿಸಿದ್ದೂ ಅದೇ ವರ್ಷ. ನಮ್ಮಂಥ ಕೇಂದ್ರಗಳ ಹಿರಿಯಜ್ಜ ಆ ಪ್ರಯೋಗಾಲಯ ಎನ್ನಬಹುದು.

ಆದರೆ ಅದು ಹಿಟ್ಲರನ ಬರ್ಲಿನ್. 1933ರ ಕಾನೂನು ಯಹೂದಿ ಪ್ರಾಧ್ಯಾಪಕರನ್ನು ವಿಶ್ವವಿದ್ಯಾಲಯಗಳಿಂದ ಆಗಲೇ ಹೊರದಬ್ಬಿತ್ತು. ಬಾಗಿಲು ತೆರೆದಿದೆ ಎಂದರೆ ಸಾಲದು, ಯಾರಿಗೆ ತೆರೆದಿದೆ ಎಂದೂ ಕೇಳಬೇಕು. 1970ರ ದಶಕದಲ್ಲಿ ನಮ್ಮ ಕೇಂದ್ರ ಸರ್ಕಾರ ಪ್ರಾದೇಶಿಕ ಉಪಕರಣ ಕೇಂದ್ರಗಳನ್ನು ತೆರೆದದ್ದು, ಸ್ವಂತ ಯಂತ್ರವಿಲ್ಲದ ಸಂಶೋಧಕರಿಗೂ ಅವು ಸಿಗಲಿ ಎಂದೇ.

ಇದನ್ನೆಲ್ಲ ಹೇಳುವ ನಾನೇ ಒಮ್ಮೆ ತಪ್ಪಿದ್ದೇನೆ. ತಾಲ್ಲೂಕು ಕಾಲೇಜೊಂದರ ಹುಡುಗಿ ಭತ್ತದ ಎಲೆಯ ಶಿಲೀಂಧ್ರ ಹಿಡಿದು ರಾತ್ರಿ ಬಸ್ಸಿನಲ್ಲಿ ಬಂದಿದ್ದಳು. ಹತ್ತು ಗಂಟೆಗೆ ಅವಳ ಸರದಿ. ಸ್ಯಾಂಪಲ್ಲಿಗೆ ಚಿನ್ನದ ಲೇಪ ಹಾಕಿಸಿಕೊಂಡು ಕಾಯುತ್ತಿದ್ದಳು. ಅಷ್ಟರಲ್ಲಿ ಹಿರಿಯ ಪ್ರಾಧ್ಯಾಪಕರೊಬ್ಬರ ಫೋನು: ‘ಎರಡೇ ಚಿತ್ರ ಬೇಕು, ನಮ್ಮ ಹುಡುಗನನ್ನು ಕಳಿಸ್ತೀನಿ.’ ‘ಆಗಲಿ ಸರ್’ ಎಂದುಬಿಟ್ಟೆ. ಎರಡು ಚಿತ್ರ ಸಂಜೆ ನಾಲ್ಕರವರೆಗೆ ನಡೆಯಿತು. ಅವಳ ಸ್ಯಾಂಪಲ್ ಒಳಗಿಟ್ಟ ಹತ್ತು ನಿಮಿಷಕ್ಕೆ ಫಿಲಮೆಂಟ್ ಸುಟ್ಟುಹೋಯಿತು. ಹೊಸದು ಹಾಕಿ ಸರಿಹೊಂದಿಸಲು ಮರುದಿನವೇ ಆಗಬೇಕಿತ್ತು. ‘ಇರಲಿ ಸರ್, ಕೊನೆ ಬಸ್ಸು ತಪ್ಪುತ್ತೆ’ ಎಂದು ಡಬ್ಬಿ ಎತ್ತಿಕೊಂಡು ಹೊರಟಳು. ಮತ್ತೆ ಬರಲಿಲ್ಲ.

ಅಂದಿನಿಂದ ಫೋನಿನ ಮೇಲೆ ಯಾರ ಸರದಿಯನ್ನೂ ಬದಲಿಸಿಲ್ಲ. ಇದರಿಂದ ಕೆಲವರಿಗೆ ನನ್ನ ಮೇಲೆ ಮುನಿಸೂ ಇದೆ. ಯಾರಾದರೂ ಒತ್ತಾಯಿಸಿದರೆ ರಿಜಿಸ್ಟರಿನ ಆ ಪುಟ ತೆರೆದು ನೋಡುತ್ತೇನೆ. ಹತ್ತು ಗಂಟೆಯ ಸಾಲಿನಲ್ಲಿ ಅವಳ ಹೆಸರಿದೆ. ‘ಕೆಲಸ ಮುಗಿಯಿತು’ ಎಂಬ ಕಾಲಮ್ಮಿನಲ್ಲಿ ಸಹಿ ಇಲ್ಲ.